ಬದುಕಿದ್ದವನ ಶಿಲುಬೆ

ಜನವರಿ 7, ಸೋಮವಾರ

ಈ ಪುಸ್ತಕ ಕ್ರಿಸ್ಮಸ್‌ಗೆ ಲೊರೇನ್ ಕೊಟ್ಟಿದ್ದು. ಗಡಿಯಾಚೆಯ ಡಗ್ಲಸ್‌ನಲ್ಲಿ ಟೀಚರಾಗಿದ್ದು ನಿವೃತ್ತಳಾದ ಅಮೆರಿಕದವಳು. ವಾರದಲ್ಲಿ ಕೆಲವು ದಿನ ಈಚೆಗೆ ಬಂದು ನಮ್ಮ ಜೊತೆ ದುಡಿಯುತ್ತಾಳೆ. "ಒತಿಲಿಯಾ, ನಿನ್ನ ಕೋಪವನ್ನು ಜನರ ಮೇಲೆ ಸುರಿಸದೆ ಇದರೊಳಗೆ ಸುರಿಸುವವಳಾಗು" ಎಂದಳು. ನಮ್ಮ ಭಾಷೆಯನ್ನು ಆಕೆ ಕಲಿತದ್ದು ಬೈಬಲ್ ಓದಿ. ಹಾಗಾಗಿ ಉಪ್ಪು ಕೇಳಿದರೂ ಯಾರೋ ಪ್ರವಾದಿ ಕೇಳಿದ ಹಾಗಿರುತ್ತದೆ.

ಸುರಿಸಲು ಇವತ್ತು ವಿಷಯ ಸಿಕ್ಕಿದೆ. ಅಮೆರಿಕದವರು ಹಿಡಿದು ಗೇಟಿನಿಂದ ಈಚೆಗೆ ದಬ್ಬಿದವರ ಗುಂಪೊಂದು ಬೆಳಿಗ್ಗೆ ನಮ್ಮ ಆಶ್ರಯಕ್ಕೆ ಬಂತು. ಎಂದಿನಂತೆ ಕಾಫಿ, ಹುರುಳಿಕಾಯಿ ಬೀಜದ ಸಾರು, ಒಣಗಿದ ಕಾಲುಚೀಲ ಕೊಟ್ಟೆವು. ಅವರಲ್ಲೊಬ್ಬ ತೆಳ್ಳಗಿನವನು, ಶೂಗೆ ಲೇಸಿಲ್ಲ (ಅಮೆರಿಕದ ಜೈಲಿನಲ್ಲಿ ತೆಗೆಸುತ್ತಾರೆ), ನೆಟ್ಟಗೆ ಅಡುಗೆಮನೆ ಬಾಗಿಲಿಗೆ ಬಂದು, "ಒತಿಲಿಯಮ್ಮ ಅಂದ್ರೆ ಯಾರು?" ಎಂದ.

ಅಡುಗೆಯ ಚಾಯೊ ಕಿಸಕ್ಕನೆ ನಕ್ಕಳು. "ಗಂಡಸು ಹೆಸರು ಹಿಡಿದು ಹುಡುಕ್ಕೊಂಡು ಬಂದವ್ನೆ! ಈ ವಯಸ್ಸಲ್ಲಿ ನಿನ್ನ ಅದೃಷ್ಟ ನೋಡಕ್ಕಾ!"

"ನಾನೇ. ಏನಾಗ್ಬೇಕು?" ಎಂದೆ.

"ಕಾಫಿ ಹುರಿಯೋ ಯಜಮಾನ್ರು ಇದ್ದಾರಾ?"

ಆಶ್ರಯದ ಹಿಂದೆಯೇ ನಮ್ಮ ಕಾಫಿ ಹುರಿಯುವ ಶೆಡ್ ಇದೆ. ದೇಶದ ದಕ್ಷಿಣದ ತುದಿಯಲ್ಲಿರುವ ನಮ್ಮ ಚಿಯಾಪಾಸ್ ಬೆಟ್ಟದ ಬೆಳೆಗಾರರ ಬೀಜವನ್ನು ಇಲ್ಲಿ, ಗಡಿಯೂರು ಆಗ್ವಾ ಪ್ರಿಯೆತಾದಲ್ಲಿ, ಹುರಿದು ಗಡಿಯಾಚೆ ಕ್ರೈಸ್ತ ಸಭೆಗಳಿಗೆ ಮಾರುತ್ತೇವೆ. ದಲ್ಲಾಳಿಗಳಿಲ್ಲದೆ ಒಳ್ಳೆಯ ಬೆಲೆ ಸಿಕ್ಕಿದರೆ ನಮ್ಮ ಜನ ತೋಟ ಬಿಟ್ಟು ಗಡಿ ದಾಟಬೇಕಾಗಿಲ್ಲ. ಪೊಟ್ಟಣದ ಮೇಲೂ ಹಾಗೆಯೇ ಅಚ್ಚು ಹಾಕಿಸಿದ್ದೇವೆ. ಆ ಪೊಟ್ಟಣದೊಳಗಿನ ಕಾಫಿ ಹುರಿಯುತ್ತಿದ್ದ ಮಹಾಶಯನೇ, ಅಂದರೆ ನನ್ನ ಗಂಡನೇ, ಗಡಿ ದಾಟಿ ಓಡಿಹೋದ. ಅವನ ಹೆಸರನ್ನು ನಾನು ಬಾಯಲ್ಲಿ ಆಡುವುದಿಲ್ಲ, ಇಲ್ಲೂ ಬರೆಯುವುದಿಲ್ಲ.

"ಅವನು ಆಚೆ ಕೆರೊಲಿನಾಕ್ಕೆ ಹೋಗಿ ಸೇರ್ಕೊಂಡಿದ್ದಾನೆ. ಯಾವಳೋ ಹೊಂಡುರಾಸಿನವಳ ಜೊತೆ ಸಂಸಾರ ಮಾಡ್ಕೊಂಡು ಚೆನ್ನಾಗಿದ್ದಾನೆ. ಸಾಕಾ?"

ಆ ಹುಡುಗ ಕಣ್ಣರಳಿಸಿದ. "ತಲುಪಿದ್ರಾ? ನಿಜವಾಗ್ಲೂ ತಲುಪಿದ್ರಾ?"

"ನೋಡಿದೋರು ಹೇಳಿದಾರೆ."

ಅವನು ಅಲ್ಲೇ ಗೋಡೆಗೆ ಒರಗಿ ಕುಳಿತು ಮುಖ ಮುಚ್ಚಿಕೊಂಡು ನಕ್ಕ. ಅಥವಾ ಅತ್ತ. ನನಗಂತೂ ತಿಳಿಯಲಿಲ್ಲ. ಗಂಡಸರು ಗಂಡಸರ ಪರವೇ. ಹೆಂಡತಿಯನ್ನು ಬಿಟ್ಟು ಓಡಿದವನ ಸುದ್ದಿ ಕೇಳಿ ಇಷ್ಟೊಂದು ಖುಷಿಪಡುವವನನ್ನು ನಾನು ನೋಡಿರಲಿಲ್ಲ. ಕಾಫಿ ಕೇಳಿದ. ತಣ್ಣಗಾದದ್ದನ್ನು ಕೊಟ್ಟೆ.

ಜನವರಿ 9, ಬುಧವಾರ

ಇವತ್ತು ಆದದ್ದನ್ನು ಬರೆಯಲು ಎಲ್ಲಿಂದ ಶುರುಮಾಡಬೇಕೋ ಗೊತ್ತಾಗುತ್ತಿಲ್ಲ.

ಮಂಗಳವಾರ ಸಂಜೆ ಡಗ್ಲಸ್‌ನಲ್ಲಿ ನಮ್ಮ ಪ್ರಾರ್ಥನೆ ಇರುತ್ತದೆ. ದಾಟುವಾಗ ಬೆಟ್ಟದಲ್ಲೋ ಮರಳುಗಾಡಿನಲ್ಲೋ ಸತ್ತವರ ಹೆಸರು ಬರೆದ ಬಿಳಿ ಶಿಲುಬೆಗಳನ್ನು ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯಲ್ಲಿ ತುಂಬಿಕೊಂಡು, ಗೇಟಿನವರೆಗೆ ನಡೆಯುತ್ತ, ಒಂದೊಂದನ್ನೇ ಎತ್ತಿ ಹೆಸರು ಕೂಗುತ್ತೇವೆ. ಉಳಿದವರೆಲ್ಲ ಸತ್ತವರ ಪರವಾಗಿ "ಹಾಜರ್!" ಎನ್ನುತ್ತಾರೆ. ಆಮೇಲೆ ಶಿಲುಬೆಯನ್ನು ರಸ್ತೆಯಂಚಿಗೆ ಒರಗಿಸುತ್ತೇವೆ. ನನ್ನ ಹತ್ತಿರ ಆಚೆ ಪೇಟೆಗೆ ಹೋಗಿಬರುವ ಕಾರ್ಡಿದೆ. ಕೆಲಸಕ್ಕೆ ಹೋಗುವವರಿಗೆ ಆ ಕಾರ್ಡು ಆಗುವುದಿಲ್ಲ, ಅವರು ಬೆಟ್ಟ ಹತ್ತಬೇಕು.

ಬಿಸಿಲಿಗೆ ಮಾಸಿದ ಶಿಲುಬೆಗಳು ಬಣ್ಣಕ್ಕೆಂದು ನನ್ನ ಹತ್ತಿರ ಬರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ನಾನು ಬೇರೆಯವರ ಕೈಗೆ ಕೊಡುವುದಿಲ್ಲ. ನಾಹೂಮ್ ರೊಬ್ಲೆರೊ ಎಂಬವನದು. ನಮ್ಮ ಬೆಟ್ಟದ ಸೀಮೆಯವನು, ತಾಯಿಯಿಲ್ಲದವನು. ಮೂರು ವರ್ಷದ ಹಿಂದೆ ಮೂಳೆ ಮತ್ತು ಜಾಕೆಟ್ಟು ಸಿಕ್ಕಿದ್ದವು. ಜಾಕೆಟ್ಟಿನ ಒಳಪದರದಲ್ಲಿ ಹೊಲಿದಿಟ್ಟಿದ್ದ ಮತದಾನದ ಕಾರ್ಡಿನಿಂದ ಹೆಸರು ಗೊತ್ತಾಯಿತು. ಡಗ್ಲಸ್‌ನಲ್ಲೇ ಮಣ್ಣು ಮಾಡಿದರು. ಹಾಡಲು ಅವನ ಕಡೆಯವರು ಯಾರೂ ಇಲ್ಲವೆಂದು ನಾನೇ ಹೋಗಿ ಸಮಾಧಿಯ ಮುಂದೆ ಕೀರ್ತನೆ ಹಾಡಿ ಬಂದಿದ್ದೆ. ಆಮೇಲೂ ಹೋಗಿದ್ದೇನೆ.

ಇವತ್ತು ಹಿತ್ತಿಲಲ್ಲಿ ಶಿಲುಬೆಗಳನ್ನು ಒಣಗಲು ಇಟ್ಟಿದ್ದೆ. ಸೋಮವಾರ ಬಂದ ಆ ತೆಳ್ಳಗಿನವನು ಒಂದರ ಮುಂದೆ ನಿಂತೇ ಇದ್ದ.

"ಇದನ್ನ ಬರೆದೋರು ಯಾರು?"

"ನಾನು. ಯಾಕೆ, ಅಕ್ಷರ ಸೊಟ್ಟಗಿದೆಯಾ?"

"ಅಕ್ಷರ ಚೆನ್ನಾಗೇ ಇದೆ ಅಮ್ಮ. ಆದ್ರೆ ಇದು ನಾನು."

ಜೈಲಿನಲ್ಲಿ ಕೂತು ತಲೆ ಕೆಟ್ಟಿದೆ ಎಂದುಕೊಂಡೆ. ನಮ್ಮ ಸಭೆಯ ಪಾಸ್ಟರ್ ಇಸಾಯಾಸ್‌ರನ್ನು ಕೂಗಿದೆ. ಅವರು ಊರು, ಅತ್ತೆಯ ಹೆಸರು, ಜಾಕೆಟ್ಟಿನ ಬಣ್ಣ, ಕಾರ್ಡನ್ನು ಯಾವ ಪಕ್ಕಕ್ಕೆ ಹೊಲಿದಿದ್ದ, ಎಲ್ಲ ಕೇಳಿದರು. ಎಲ್ಲವೂ ಸರಿಯಾಗಿತ್ತು. ಪಾಸ್ಟರ್ ಕಾಫಿ ಚೀಲದ ಮೇಲೆ ಕುಳಿತುಬಿಟ್ಟರು.

"ದೇವರಿಗೆ ಸ್ತೋತ್ರ," ಎಂದರು ಮೊದಲು. ಆಮೇಲೆ, "ಹಾಗಾದ್ರೆ ಅಲ್ಲಿ ಮಣ್ಣು ಮಾಡಿರೋದು ಯಾರನ್ನಪ್ಪಾ?"

ನಾಹೂಮ್ ತನ್ನ ಲೇಸಿಲ್ಲದ ಶೂ ನೋಡುತ್ತ ನಿಂತ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. "ಜಾಕೆಟ್ ಬೇರೆಯವ್ರ ಹತ್ರ ಹೋಗಿತ್ತು," ಎಂದ.

ಕದ್ದಿರಬೇಕು, ಮತ್ತೇನು. ಚಳಿಯಲ್ಲಿ ಜೊತೆಗಾರನ ಮೈಮೇಲಿನ ಬಟ್ಟೆ ಕಿತ್ತುಕೊಂಡ ಯಾವನೋ ಕಳ್ಳನ ಸಮಾಧಿಗೆ ನಾನು ಹಾಡಿ ಬಂದೆ!

"ಊರಿಗೆ ಒಂದು ಫೋನ್ ಮಾಡಕ್ಕಾಗ್ಲಿಲ್ವೇನೋ ನಿಂಗೆ?" ಎಂದು ಚಾಯೊ ಕೇಳಿದಳು.

"ಮಾಡಿದ್ದೆ. ಅಂಗಡಿ ಫೋನು. ನಾನು ನಾಹೂಮ್ ಅಂದೆ. ಅಂಗಡಿಯವಳು ಕಿಟಾರನೆ ಕಿರುಚಿ ಇಟ್ಬಿಟ್ಳು. ಆಮೇಲೆ ಧೈರ್ಯ ಬರ್ಲಿಲ್ಲ. ದೆವ್ವ ಗಿವ್ವ ಅಂತ ಹೆದರಿದ್ಲೋ ಏನೋ ಅಂದ್ಕೊಂಡೆ, ಯಾಕೆ ಅಂತ ಇವತ್ತು ಗೊತ್ತಾಯ್ತು."

ಚಾಯೊ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ನಗುವ ಹೊತ್ತು ಮುಗಿದಿತ್ತು.

ಜನವರಿ 10, ಗುರುವಾರ

ಬದುಕಿದ್ದಾನೆ, ಸಂತೋಷವಾಗಬೇಕು. ಆಗಿಯೂ ಇದೆ. ಆದರೆ ಮೂರು ವರ್ಷ ಅವನಿಗಾಗಿ ಅತ್ತದ್ದು ಈಗ ಯಾರ ಲೆಕ್ಕಕ್ಕೆ? ಬೆಳಿಗ್ಗೆ ಅವನು ಎರಡನೆಯ ಸಲ ಸಾರು ಕೇಳಿದಾಗ ನನಗೇ ಗೊತ್ತಿಲ್ಲದೆ ರೇಗಿದೆ. ಸತ್ತವನಾಗಿದ್ದಷ್ಟು ದಿನ ಒಂದು ತುತ್ತೂ ಕೇಳದೆ ತೆಪ್ಪಗಿದ್ದ ಹುಡುಗ.

ಜನವರಿ 15, ಮಂಗಳವಾರ

ಮಾನ ಹೋಯಿತು.

ನಾಹೂಮನ ಶಿಲುಬೆಯನ್ನು ಏನು ಮಾಡಬೇಕೆಂದು ಪಾಸ್ಟರ್ ಇನ್ನೂ ತೀರ್ಮಾನಿಸಿಲ್ಲ. ಸುಡುವಂತಿಲ್ಲ, ಬಿಸಾಡುವಂತಿಲ್ಲ. ಹಾಗೆಯೇ ಗಾಡಿಯಲ್ಲಿತ್ತು. ಗೇಟು ಹತ್ತಿರವಾದಾಗ ನನ್ನ ಸರದಿ ಬಂತು, ಕೈ ತನ್ನ ಅಭ್ಯಾಸದಂತೆ ಅದನ್ನೇ ಎತ್ತಿತು, ಬಾಯಿ ತನ್ನ ಅಭ್ಯಾಸದಂತೆ "ನಾಹೂಮ್ ರೊಬ್ಲೆರೊ!" ಎಂದು ಕೂಗಿತು. ಎಲ್ಲರೂ "ಹಾಜರ್!" ಎಂದರು. ಅಷ್ಟರಲ್ಲಿ ಕಬ್ಬಿಣದ ಬೇಲಿಯ ಕಂಬಿಗಳ ಆಚೆಯಿಂದ, ನಮ್ಮ ದೇಶದ ಕಡೆಯಿಂದ, ಇನ್ನೊಂದು "ಹಾಜರ್!" ಕೇಳಿಸಿತು.

ಅವನೇ. ಕಂಬಿ ಹಿಡಿದುಕೊಂಡು ನಿಂತಿದ್ದ. ಲೊರೇನ್ ಕೈಯಲ್ಲಿದ್ದ ಶಿಲುಬೆ ದಡಕ್ಕೆಂದು ರಸ್ತೆಗೆ ಬಿತ್ತು. "ಅಯ್ಯೋ, ಸತ್ತವನು ಎದ್ದು ಬಂದಿದ್ದಾನಲ್ಲಾ!" ಎಂದಳು. ಆಕೆಗೆ ವಿಷಯ ಗೊತ್ತಿತ್ತು, ಆದರೂ ಬಾಯಿಂದ ಅದೇ ಬಂತು. ಹೊಸದಾಗಿ ಬಂದಿದ್ದ ಒಂದಿಬ್ಬರು ಕಾಲೇಜು ಹುಡುಗಿಯರು ಅಳತೊಡಗಿದರು.

ವಾಪಸು ಬಂದ ಮೇಲೆ ಚೆನ್ನಾಗಿ ಬೈದೆ. "ತಮಾಷೆನಾ ನಿಂಗೆ? ಪ್ರಾರ್ಥನೆ ಮಧ್ಯೆ ಹಾಗೆ ಕೂಗ್ತಾರಾ?"

"ತಮಾಷೆಗಲ್ಲ ಅಮ್ಮ. ಹೆಸರು ಕರೆದ್ರಿ, ಬಾಯಿಗೆ ಬಂದ್ಬಿಡ್ತು. ನನ್ನನ್ನ ಅಷ್ಟು ಜೋರಾಗಿ ಯಾರೂ ಕರೆದಿರ್ಲಿಲ್ಲ."

ಬಾಳೆಲೆಯಲ್ಲಿ ಬೇಯಿಸಿದ ತಮಾಲೆ ಒಂದು ಮಿಕ್ಕಿತ್ತು, ಕೊಟ್ಟೆ.

ಜನವರಿ 16, ಬುಧವಾರ

ತೀರ್ಮಾನವಾಯಿತು. ಹೆಸರು ಅಳಿಸಿ "ಗುರುತು ಸಿಗದವರು" ಎಂದು ಬರೆಯುವುದು. ಅಂಥ ಶಿಲುಬೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೆಳಿಗ್ಗೆಯೇ ಬಿಳಿ ಬಣ್ಣ ಬಳಿದು ಬರೆಯಲು ಕುಳಿತೆ.

ನಾಹೂಮ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಊರಿಗೆ ಹೋಗುವ ಬಸ್ಸಿಗೆ ಸಭೆಯವರು ಟಿಕೆಟ್ ಕೊಡಿಸುತ್ತೇವೆಂದರೆ ಬೇಡ ಅನ್ನುತ್ತಾನೆ. ಅವನಿಗೆ ಇಲ್ಲೇನು ಕೆಲಸವೋ.

"ಕಳ್ಳನಿಗೆ ಇಷ್ಟೇ ಸಾಕು," ಎಂದೆ ಬ್ರಷ್ಷು ಅದ್ದುತ್ತ.

"ಕಳ್ಳ ಅನ್ಬೇಡಿ ಅಮ್ಮ. ನಾನೇ ಕೊಟ್ಟಿದ್ದು."

"ಕೊಟ್ಟಿದ್ದಾ? ಕೊಡೋವಷ್ಟು ದೊಡ್ಡ ಮನುಷ್ಯನಾ ಅವನು?"

ಅವನು ಪೊರಕೆ ತಂದು ಹಿತ್ತಿಲನ್ನೆಲ್ಲ ಗುಡಿಸಿದ. ನಿನ್ನೆ ಗುಡಿಸಿದ ಹಿತ್ತಿಲನ್ನೇ.

ನನಗೂ ಏನೋ ಸರಿಯಾಗಲಿಲ್ಲ. "ಗುರುತು" ಬರೆದೆ, "ಸಿಗದವರು" ಬರೆಯುವಾಗ ಅಕ್ಷರ ನಿಜವಾಗಿಯೂ ಸೊಟ್ಟಗಾಯಿತು. ಚಳಿ ಬಹಳ ಇದೆ.

ಜನವರಿ 21, ಸೋಮವಾರ

ಚಿಯಾಪಾಸ್ ಬೆಟ್ಟದಿಂದ ಹೊಸ ಫಸಲಿನ ಮೊದಲ ಚೀಲಗಳು ಬಂದಿವೆ. ಶೆಡ್ಡಿನ ತುಂಬ ಹಸಿ ಬೀಜದ ವಾಸನೆ. ಕಾಫಿ ಗಿಡಕ್ಕೆ ಎಲೆ ತುಕ್ಕು ರೋಗ ಬಂದ ಆ ವರ್ಷ ಒಂದು ಚೀಲವೂ ಬಂದಿರಲಿಲ್ಲ. ಆ ಮಹಾಶಯ ತಣ್ಣಗಾದ ಯಂತ್ರದ ಮುಂದೆ ದಿನವಿಡೀ ಸುಮ್ಮನೆ ಕೂರುತ್ತಿದ್ದ. ಆಮೇಲೆ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ, ನಾನು ಆಶ್ರಯದಲ್ಲಿ ಸಾರು ಬಡಿಸುತ್ತಿದ್ದಾಗ, ಗಡಿಯಾಚೆ ಮೆಣಸಿನಕಾಯಿ ಹೊಲದಲ್ಲಿ ಒಂದು ಸುಗ್ಗಿ ಕೆಲಸ ಮಾಡಿ ಬರುತ್ತೇನೆಂದು ಚಾಯೊ ಹತ್ತಿರ ಹೇಳಿ ಹೋದ. ನನಗೆ ಹೇಳಿದ್ದರೆ ಬಿಡುತ್ತಿದ್ದೆನೇ? ನಾನು ಹೆಣೆದ ಸ್ವೆಟರ್ ಕೂಡ ತೆಗೆದುಕೊಂಡು ಹೋಗಲಿಲ್ಲ, ಶೆಡ್ಡಿನ ಮೊಳೆಗೆ ನೇತುಹಾಕಿ ಹೋದ. ಹೊಸ ಸಂಸಾರಕ್ಕೆ ಹಳೆಯ ಉಣ್ಣೆ ಯಾಕೆ! ನಾನೂ ಅದನ್ನು ಮಡಚಿ ಬಿಸಿ ಹಿಡಿಕೆ ಹಿಡಿಯುವ ಬಟ್ಟೆ ಮಾಡಿಕೊಂಡಿದ್ದೇನೆ.

ಇವತ್ತು ನಾಹೂಮ್ "ನಾನು ಹುರೀಲಾ?" ಎಂದ.

"ಹುರಿದು ಗೊತ್ತಾ?"

"ಕೇಳಿ ಗೊತ್ತು."

ಗಡಿಯಾರ ಇಟ್ಟುಕೊಂಡು ಹುರಿದು ಹುರಿದು ನನಗೂ ಸಾಕಾಗಿತ್ತು, ಬಿಟ್ಟುಕೊಟ್ಟೆ. ಬೀಜ ಚಟಚಟ ಸಿಡಿಯತೊಡಗಿದ್ದೇ ತಡ, ಅವನು ಒಂದು ಕೀರ್ತನೆ ಗುನುಗಲು ಶುರುಮಾಡಿದ. ಮೂರನೆಯ ಚರಣದ ಕೊನೆಯ ಸಾಲನ್ನು ಎರಡು ಸಲ ಹಾಡಿ ಸರಕ್ಕನೆ ಯಂತ್ರದ ಬಾಯಿ ತೆರೆದ.

ಪುಸ್ತಕದಲ್ಲಿ ಆ ಸಾಲು ಒಂದೇ ಸಲ ಇದೆ. ಎರಡು ಸಲ ಹಾಡುತ್ತಿದ್ದವನು ಒಬ್ಬನೇ. ಹುರಿಯುವಾಗ ಅವನಿಗೆ ಅದೇ ಗಡಿಯಾರ. ಮನೆಯಲ್ಲಿ ಕೇಳಿ ಕೇಳಿ ನನಗೆ ಪೂರ್ತಿ ಬಾಯಿಗೆ ಬರುವ ಕೀರ್ತನೆಯೂ ಅದೊಂದೇ.

"ಇದನ್ನ ಎಲ್ಲಿ ಕಲಿತೆ?"

"ನಡೀವಾಗ ಒಬ್ರು ಹಾಡ್ತಿದ್ರು."

ಎಲ್ಲರೂ ಎಲ್ಲೆಲ್ಲೋ ಏನೇನೋ ಕಲಿಯುತ್ತಾರೆ. ನಮ್ಮ ಬೆಟ್ಟದ ಸಭೆಗಳಲ್ಲಿ ಅದನ್ನು ಹಾಗೆ ಹಾಡುವವರು ಇನ್ನೂ ಇರಬಹುದು. ಇರಬಹುದೇನು, ಇದ್ದೇ ಇದ್ದಾರೆ.

ಜನವರಿ 22, ಮಂಗಳವಾರ

ಲೊರೇನ್ ಬೆಳಿಗ್ಗೆ ಹೊಸ ಕಾಫಿ ಕುಡಿದು ಲೋಟ ಎರಡೂ ಕೈಯಲ್ಲಿ ಹಿಡಿದು ನಿಂತಳು. "ಒತಿಲಿಯಾ, ಕಾಫಿಯು ತನ್ನ ಪೂರ್ವದ ಮಹಿಮೆಗೆ ಹಿಂದಿರುಗಿದೆ!"

ನಾನೂ ಕುಡಿದೆ. ಹಿಂದಿರುಗಿದೆ, ನಿಜ. ಅರ್ಧಕ್ಕೇ ಬಿಟ್ಟು ಚೆಲ್ಲಿದೆ.

ಸಂಜೆ ಪ್ರಾರ್ಥನೆಯಲ್ಲಿ ಆ ಸೊಟ್ಟ ಅಕ್ಷರದ ಶಿಲುಬೆಯನ್ನು ಯಾರೂ ಎತ್ತಲಿಲ್ಲ, ನಾನೇ ಎತ್ತಿದೆ. ಯಾಕೆಂದು ಕೇಳಿದರೆ ಗೊತ್ತಿಲ್ಲ. "ಗುರುತು ಸಿಗದವರು!" ಎಂದು ಕೂಗಿದೆ. ಬೇಲಿಯಾಚೆ ನಾಹೂಮ್ ನಿಂತಿದ್ದ. ಇವತ್ತು ಕೂಗಲಿಲ್ಲ. ತಲೆ ತಗ್ಗಿಸಿದ್ದ.

ಜನವರಿ 25, ಶುಕ್ರವಾರ

ನಿದ್ದೆ ಸರಿಯಾಗುತ್ತಿಲ್ಲ. ಇವತ್ತು ಅವನ ಮೇಲೆ, ಅಂದರೆ ಕೆರೊಲಿನಾದವನ ಮೇಲೆ, ಚಾಯೊ ಎದುರಿಗೆ ಎಂದಿಗಿಂತ ಜೋರಾಗಿ ಕೂಗಾಡಿದೆ. "ಸಾಕು ಬಿಡಕ್ಕ, ಅಷ್ಟು ದೂರ ಕೇಳ್ಸಲ್ಲ ಅವನಿಗೆ" ಎಂದಳು.

ಜನವರಿ 28, ಸೋಮವಾರ

ಬೆಳಿಗ್ಗೆ ಹಿಮ ಬಿದ್ದಿತ್ತು. ನಾಹೂಮ್ ಒಂದು ತೆಳು ಅಂಗಿಯಲ್ಲಿ ಶೆಡ್ಡಿಗೆ ಬಂದು ಹಲ್ಲು ಕಟಕಟ ಕಡಿಯುತ್ತಿದ್ದ. ಯಂತ್ರದ ಹಿಡಿಕೆಗೆ ಸುತ್ತಿದ್ದ ಆ ಮಡಚಿದ ಸ್ವೆಟರನ್ನು ಅವನ ಕಡೆ ಎಸೆದೆ. "ಹಾಕ್ಕೋ. ಇದರ ಯಜಮಾನನಿಗೆ ಬೇರೆಯವಳು ಹೆಣೆದುಕೊಡ್ತಿದ್ದಾಳೆ."

ಹಿಡಿದುಕೊಂಡ. ಬಿಚ್ಚಲಿಲ್ಲ.

"ಇದನ್ನ ನಾನು ಹಾಕ್ಕೊಳಲ್ಲ ಅಮ್ಮ."

"ಯಾಕೆ, ವಾಸನೆನಾ?"

"ಮೊಣಕೈ ಹತ್ರ ಹಸಿರು ದಾರದಲ್ಲಿ ಹೊಲಿಗೆ ಇದ್ಯಾ, ನೋಡಿ."

ನೋಡಬೇಕಾಗಿರಲಿಲ್ಲ. ಹೊಲಿದವಳು ನಾನು. ಕಂದು ದಾರ ಮುಗಿದಿತ್ತು. ಆದರೆ ಸ್ವೆಟರ್ ಮಡಚಿಕೊಂಡಿತ್ತು, ಹೊಲಿಗೆ ಒಳಗಿತ್ತು.

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ಇಲ್ಲದಿದ್ದರೆ ನಾಳೆ ನಾನೇ ಇಲ್ಲವೆನ್ನುತ್ತೇನೆ.

"ಬೆಟ್ಟದ ಮೇಲೆ ಮಳೆ, ಹಿಂದೆನೇ ಹಿಮ. ಅವರು ನಡುಗ್ತಾ ಇದ್ರು. 'ಸ್ವೆಟರ್ ಮೊಳೇಲೇ ಬಿಟ್ಟು ಬಂದೆ ಕಣಪ್ಪಾ. ಹಸಿರು ಹೊಲಿಗೆ ನೋಡಿ ಜನ ನಗ್ತಾರೆ ಅಂತ ಬಿಟ್ಟು ಬಂದೆ. ಒತಿಲಿಯಾಗೆ ಗೊತ್ತಾದ್ರೆ ಕೊಂದೇ ಹಾಕ್ತಾಳೆ' ಅಂತ ನಗ್ತಿದ್ರು. ನಾನು ಜಾಕೆಟ್ ಕೊಟ್ಟೆ, ನಂಗೆ ಒಳಗೆ ದಪ್ಪ ಅಂಗಿ ಇತ್ತು. ದಾರಿ ತೋರ್ಸೋನು ನಿಲ್ಲಲ್ಲ ಅಂದ. 'ನೀನು ಹೋಗು ಮಗಾ, ನಾನು ಬೆಳಗಾದ್ಮೇಲೆ ಸ್ವಲ್ಪ ಬಿಸಿಲು ಕಾಯಿಸ್ಕೊಂಡು ವಾಪಸ್ ಮನೆಗೆ ಇಳೀತೀನಿ, ಇಲ್ಲಿಂದ ಊರಿನ ದೀಪ ಕಾಣುತ್ತೆ' ಅಂದ್ರು. ನಾನು ಹೋದೆ ಅಮ್ಮ. ಹೋಗ್ಬಿಟ್ಟೆ. ಮನೆ ಸೇರಿರ್ತಾರೆ ಅಂತಾನೇ ಅಂದ್ಕೊಂಡಿದ್ದೆ. ಗೇಟಿಂದ ನೆಟ್ಟಗೆ ಇಲ್ಲಿಗೆ ಬಂದಿದ್ದೇ ಅವರನ್ನ ನೋಡೋಣ ಅಂತ. ಕೆರೊಲಿನಾ ತಲುಪಿದ್ದಾರೆ ಅಂದ್ರಲ್ಲ ನೀವು, ಎಷ್ಟು ಖುಷಿಯಾಯ್ತು ಗೊತ್ತಾ? ಎರಡು ದಿನ ಆದ್ಮೇಲೆ ಹಿತ್ತಿಲಲ್ಲಿ ನನ್ನ ಹೆಸರು ನೋಡಿದೆ."

"ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ದಿನಾ ಅವರನ್ನ ಬೈತಿದ್ರಿ. ಕೇಳ್ತಾ ಇದ್ರೆ ಅವರು ಎಲ್ಲೋ ಇದ್ದಾರೆ ಅನ್ನಿಸ್ತಿತ್ತು. ಅದನ್ನ ನಿಲ್ಸೋಕೆ ನಂಗೆ ಬಾಯಿ ಬರ್ಲಿಲ್ಲ."

ಯಂತ್ರದಲ್ಲಿ ಬೀಜ ಸಿಡಿಯುತ್ತಿತ್ತು. ಇಬ್ಬರಲ್ಲಿ ಯಾರೂ ಹಾಡಲಿಲ್ಲ. ಬೀಜವೆಲ್ಲ ಕರಕಾಗಿ ಹೋಯಿತು.

ಜನವರಿ 29, ಮಂಗಳವಾರ

ಪ್ರಾರ್ಥನೆಗೆ ಹೋಗಲಿಲ್ಲ.

ಫೆಬ್ರವರಿ 1, ಶುಕ್ರವಾರ

ಕೆರೊಲಿನಾದಲ್ಲಿ ನೋಡಿದೆನೆಂದು ಹೇಳಿದ್ದು ಚಾಯೊಳ ಭಾವ. ಚಾಯೊ ನಿನ್ನೆ ಅವನಿಗೆ ಫೋನು ಮಾಡಿ ತರಾಟೆಗೆ ತೆಗೆದುಕೊಂಡಳು. ದೂರದಿಂದ ನೋಡಿದ್ದಂತೆ, ಹಿಂದಿನಿಂದ ನೋಡಿದ್ದಂತೆ, ಟೋಪಿ ನನ್ನ ಗಂಡನದರ ಹಾಗಿತ್ತಂತೆ. ಟೋಪಿ! ಒಂದು ಟೋಪಿಯನ್ನು ನಂಬಿ ನಾನು ಆ ಹೊಂಡುರಾಸಿನವಳಿಗೆ ಮುಖ ಕೊಟ್ಟೆ, ಜಡೆ ಕೊಟ್ಟೆ, ಇಬ್ಬರು ಮಕ್ಕಳನ್ನೂ ಕೊಟ್ಟಿದ್ದೆ. ಅವಳಿಗೆ ಅಡುಗೆ ಬರುವುದಿಲ್ಲ ಎಂದೂ ತೀರ್ಮಾನಿಸಿದ್ದೆ. ಈಗ ಅವಳೂ ಇಲ್ಲ. ಯಾರ ಮೇಲೆ ಕೂಗಲಿ?

ಚಾಯೊ ನನ್ನ ಕೈ ಹಿಡಿದು ಅತ್ತಳು. ನನಗೆ ಅಳು ಬರಲಿಲ್ಲ. ಅವನು ಓಡಿಹೋದವನಾಗಿದ್ದರೆ ಒಂದು ದಿನ ಬಾಗಿಲಿಗೆ ಬರುತ್ತಿದ್ದ, ಮುಖಕ್ಕೆ ಬಾಗಿಲು ಹಾಕಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆ. ಅವರು ವಾಪಸು ಇಳಿಯುತ್ತೇನೆ ಅಂದರಂತೆ. ಊರಿನ ದೀಪ ಕಾಣುತ್ತಿತ್ತಂತೆ. ಯಾವುದು ಮೇಲು? ನನ್ನನ್ನು ಬಿಟ್ಟು ಬದುಕಿರುವುದೋ, ನನ್ನ ಕಡೆಗೆ ಬರುತ್ತ ಸಾಯುವುದೋ? ಬೆಳಿಗ್ಗೆ ಒಂದು ಮೇಲೆನಿಸುತ್ತದೆ, ಮಧ್ಯಾಹ್ನ ಇನ್ನೊಂದು. ಎರಡೂ ಬೇಡ ಎನ್ನಲು ನನ್ನನ್ನು ಯಾರೂ ಕೇಳುತ್ತಿಲ್ಲ.

ಫೆಬ್ರವರಿ 3, ಭಾನುವಾರ

ಆರಾಧನೆ ಮುಗಿದ ಮೇಲೆ ಪಾಸ್ಟರ್ ಬಂದು ಪಕ್ಕದಲ್ಲಿ ಕುಳಿತರು. ಆಚೆಯ ಕಚೇರಿಯವರು ಊರಿನಲ್ಲಿರುವ ನನ್ನ ಮೈದುನನ ರಕ್ತ ತರಿಸಿ ಆ ಮೂಳೆಗೆ ಹೊಂದುತ್ತದೆಯೇ ಎಂದು ಪರೀಕ್ಷೆ ಮಾಡುತ್ತಾರಂತೆ, ತಿಂಗಳುಗಟ್ಟಲೆ ಹಿಡಿಯುತ್ತದಂತೆ.

"ಶಿಲುಬೆಗೆ ಅಷ್ಟು ಕಾಯ್ಬೇಕಿಲ್ಲಮ್ಮ. ಆದ್ರೆ ನೀವು ಬರೆದ್ರೆ ಮಾತ್ರ ಹೆಸರು. ನೀವು ಬೇಡ ಅಂದ್ರೆ ಹಾಗೇ ಇರ್ಲಿ, ಯಾರೂ ಕೇಳಲ್ಲ."

"ಬರೆದ ಮೇಲೆ ಅವನು ಬಂದ್ಬಿಟ್ರೆ? ನಾಹೂಮ್ ಬರ್ಲಿಲ್ವಾ?"

ಪಾಸ್ಟರ್ ಬೋಧನೆ ಮಾಡಲಿಲ್ಲ, ಅದಕ್ಕೆ ಅವರಿಗೆ ಪುಣ್ಯ ಬರಲಿ. "ಬಂದ್ರೆ ಅಳಿಸೋಣ," ಎಂದರು. "ಬಣ್ಣ ನಾನೇ ತಂದ್ಕೊಡ್ತೀನಿ."

ಮನೆಗೆ ಬರುವಾಗ ಒಂದು ವಿಷಯ ಹೊಳೆದು ರಸ್ತೆಯಲ್ಲೇ ನಿಂತುಬಿಟ್ಟೆ. ತಾಯಿಯಿಲ್ಲದ ಹುಡುಗನೆಂದು ನಾನು ಡಗ್ಲಸ್‌ನ ಆ ಸಮಾಧಿಗೆ ಹೋಗಿ ಹಾಡಿದ್ದೆನಲ್ಲ, ಆ ಕೀರ್ತನೆ ಅದೇ. ನನಗೆ ಪೂರ್ತಿ ಬರುವ ಆ ಒಂದೇ ಕೀರ್ತನೆ. ಮೂರನೆಯ ಚರಣದ ಕೊನೆಯ ಸಾಲನ್ನು ಎರಡು ಸಲ ಹಾಡಿದೆನೋ, ಒಂದೇ ಸಲವೋ? ನೆನಪಾಗುತ್ತಿಲ್ಲ. ಎರಡು ಸಲ ಹಾಡಿರಬೇಕು. ಅಭ್ಯಾಸ ಎಲ್ಲಿಗೆ ಹೋಗುತ್ತದೆ.

ಹಿಂದಿನಿಂದ ಬಂದ ಸೈಕಲ್ಲಿನವನು "ಏನಮ್ಮೋ, ರೋಡಲ್ಲಿ ನಿದ್ದೆನಾ?" ಎಂದು ಗಂಟೆ ಬಾರಿಸಿಕೊಂಡು ಹೋದ.

ಫೆಬ್ರವರಿ 4, ಸೋಮವಾರ

ಬಿಳಿ ಬಳಿದೆ. ಒಣಗಿತು. ಬರೆಯಲಿಲ್ಲ. ಮತ್ತೊಂದು ಸಲ ಬಿಳಿ ಬಳಿದೆ. ಲೊರೇನ್ ಬಂದು ನೋಡಿ ಕಾಫಿ ಪೊಟ್ಟಣಗಳಿಗೆ ಅಂಟು ಹಚ್ಚುತ್ತ ಕುಳಿತಳು. ಹೋಗುವಾಗ, "ಒತಿಲಿಯಾ, ನಾನು ನಿನ್ನ ಸಂಗಡ ಇರುವೆನು" ಎಂದಳು. ಆಕೆಯ ಬೈಬಲ್ ಭಾಷೆಗೆ ಇವತ್ತು ನಗು ಬರಲಿಲ್ಲ.

ನಾಹೂಮನಿಗೆ ಸ್ವೆಟರ್ ಒಗೆದು ಒಣಗಿಸಿ ಕೊಟ್ಟೆ. "ಹಾಕ್ಕೋ. ಅವರಿಗೆ ನೀನು ಜಾಕೆಟ್ ಕೊಡ್ಲಿಲ್ವಾ? ಹಾಕ್ಕೊಂಡೇ ನಾಳೆ ಬೇಲಿ ಹತ್ರ ಬರ್ಬೇಕು" ಎಂದೆ. ಹಾಕಿಕೊಂಡ. ತೋಳು ಉದ್ದವಾಯಿತು.

ಫೆಬ್ರವರಿ 5, ಮಂಗಳವಾರ

ಬೆಳಿಗ್ಗೆ ಬರೆದೆ. ಅಕ್ಷರ ಈ ಸಲ ನೆಟ್ಟಗೆ ಬಂದಿದೆ. ಕಪ್ಪು ಬಣ್ಣ ಸಾಲದೆ ಹೋಗಿ ಕೊನೆಯ ಎರಡಕ್ಷರವನ್ನು ಹಸಿರಿನಲ್ಲಿ ಮುಗಿಸಬೇಕಾಯಿತು. ನಗುವವರು ನಗಲಿ.

ಸಂಜೆ ಗಾಳಿ ಜೋರಾಗಿತ್ತು. ಲೊರೇನ್ ಗಾಡಿ ತಳ್ಳಿದಳು. ಒಂದೊಂದೇ ಹೆಸರು, ಒಂದೊಂದೇ ಹಾಜರ್. ನನ್ನದನ್ನು ಕೊನೆಗೆ ಉಳಿಸಿಕೊಂಡೆ. ಗೇಟಿನ ಮುಂದೆ ನಿಂತು ಎತ್ತಿ ಹಿಡಿದಾಗ ಬೇಲಿಯ ಕಂಬಿಗಳ ನಡುವೆ ಕಂದು ಸ್ವೆಟರ್ ಕಂಡಿತು. ಎದೆ ಧಸಕ್ಕೆಂದಿತು. ನಾಹೂಮ್ ಎಂದು ಗೊತ್ತಿದ್ದೂ ಧಸಕ್ಕೆಂದಿತು.

"ಫಿಲೆಮೋನ್ ಸುನೂನ್!"

ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಹೆಸರು ನನ್ನ ಬಾಯಿಗೆ ಬಂತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು, ಹೆಸರಾದ ಮೇಲೆ ಜನ ಹಾಜರ್ ಎನ್ನಬೇಕು, ಅದು ಕ್ರಮ. ಆದರೆ ಅವರು ಬಾಯಿ ತೆರೆಯುವ ಮೊದಲೇ ನನ್ನ ಬಾಯಿ ಬಿಚ್ಚಿಕೊಂಡಿತು.

"ಫೆಬ್ರವರಿ ಚಳೀಲಿ ಸ್ವೆಟರ್ ಬಿಟ್ಟು ಬೆಟ್ಟ ಹತ್ತುತ್ತಾರೇನ್ರೀ? ಹಸಿರು ದಾರ ಇದ್ರೆ ಏನ್ರೀ ಆಗ್ತಿತ್ತು? ಯಾರು ನೋಡ್ತಿದ್ರು ಅಲ್ಲಿ ನಿಮ್ಮ ಮೊಣಕೈನ? ನಂಗೊಂದು ಮಾತು ಹೇಳ್ಬಾರ್ದಿತ್ತಾ? ಬೇರೆ ದಾರ ತರ್ತಿದ್ನಲ್ರೀ! ಪೇಟೆ ಪೂರ್ತಿ ಸುತ್ತಿ ತರ್ತಿದ್ನಲ್ರೀ!"

ಕಾರುಗಳು ಸಾಲಾಗಿ ಗೇಟಿನ ಕಡೆಗೆ ಹೋಗುತ್ತಲೇ ಇದ್ದವು. ಆಮೇಲೆ ಬೇಲಿಯಾಚೆಯಿಂದ ಒಂದೇ ಒಂದು ದನಿ, ಒಡೆದ ದನಿ, "ಹಾಜರ್" ಎಂದಿತು. ಅದರ ಹಿಂದೆಯೇ ಲೊರೇನ್, ಪಾಸ್ಟರ್, ಎಲ್ಲರೂ ಎಂದರು.

ಶಿಲುಬೆಯನ್ನು ರಸ್ತೆಯಂಚಿಗೆ ಒರಗಿಸಿದೆ. ಗಾಳಿಗೆ ಬಿತ್ತು. ಮತ್ತೆ ಒರಗಿಸಿದೆ.

ಮನೆಗೆ ಬಂದು ಈಗ ಬರೆಯುತ್ತಿದ್ದೇನೆ. ನಾಹೂಮ್ ನಾಳೆ ಹುರಿಯಲು ಬರುತ್ತಾನಂತೆ. ಬಸ್ಸಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ ತಿಳಿಯದು. ಕೇಳಿಸಿದ್ದರೆ ಎಂದಿನಂತೆ ತಲೆ ತಗ್ಗಿಸಿ ನಗುತ್ತಿರುತ್ತಾರೆ. ಬೈಯುವುದು ಇನ್ನೂ ಬಹಳ ಉಳಿದಿದೆ. ಬರುವ ಮಂಗಳವಾರ ಹೋಗಬೇಕು.